ಬಾದಾಮಿಯ ಅಗಸ್ತ್ಯ ತೀರ್ಥದಲ್ಲಿ ಜಿಯೋಕ್ಯಾಶಿಂಗ್: ಪ್ರಶ್ನೆ ಒಳಗೆ, ಡಬ್ಬಿ ಹೊರಗೆ

ಒಬ್ಬರು ಡಬ್ಬಿ ಬಚ್ಚಿಟ್ಟು ಜಾಗದ ಅಕ್ಷಾಂಶ-ರೇಖಾಂಶ ಕೊಡುವುದು, ಉಳಿದವರು ಜಿಪಿಎಸ್ ಹಿಡಿದು ಹುಡುಕಿ ಒಳಗಿನ ಪುಸ್ತಕದಲ್ಲಿ ಹೆಸರು ಬರೆಯುವುದು: ಇದು ಜಿಯೋಕ್ಯಾಶಿಂಗ್ ಆಟ. ಅಗಸ್ತ್ಯ ತೀರ್ಥ ಎನ್ನುವ ಬಾದಾಮಿ ಕೆರೆಯ ಸುತ್ತ ಅದನ್ನು ಮಾಡೋಣ ಅಂದರೆ ಬಹಳ ಜನಕ್ಕೆ ಮೊದಲು ಹೊಳೆಯುವುದು ಒಂದೇ: ಭೂತನಾಥ ಗುಡಿಯ ಹಿಂದಿನ ಬಂಡೆ ಸಂದಿಯಲ್ಲಿ ಡಬ್ಬಿ ಬಚ್ಚಿಟ್ಟರೆ ಆಯ್ತಲ್ಲ. ಆ ಕೆಲಸ ಮಾತ್ರ ಮಾಡಬೇಡಿ. ಗುಹೆಗಳು, ಎರಡೂ ಗುಡ್ಡದ ಕೋಟೆ, ಭೂತನಾಥದ ಗುಂಪು ಎಲ್ಲವೂ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎನ್ನುತ್ತದೆ. ಅದು ಕಟ್ಟಡಗಳಿಗೆ ಮಾಡಿದ ನಿಯಮ, ಪ್ಲಾಸ್ಟಿಕ್ ಡಬ್ಬಿಗಲ್ಲ, ನಿಜ. ಆದರೆ ಜಿಯೋಕ್ಯಾಶಿಂಗ್‌ನ ಸ್ವಂತ ನಿಯಮವೇ ಜಾಗದ ಉಸ್ತುವಾರಿ ಇರುವವರ ಅನುಮತಿ ಕೇಳುತ್ತದೆ, ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ನೆಲ ಅಗೆಯಬಾರದು ಎನ್ನುತ್ತದೆ. ಜನ ಸೇರುವ ಸ್ಮಾರಕದ ಸಂದಿಯಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ನಮ್ಮಲ್ಲಿ ಬರುವುದು ಆಟಗಾರರಲ್ಲ, ಪೊಲೀಸರು.

ಹಾಗಾಗಿ ನಾನು ಇಲ್ಲಿ ಆಟ ಕಟ್ಟುವ ಕ್ರಮ ಬೇರೆ. ಕೆರೆಯ ಸುತ್ತ ಆರು ತಾಣ, ಪ್ರತಿ ತಾಣದಲ್ಲಿ ಕಲ್ಲನ್ನೇ ನೋಡಿ ಉತ್ತರಿಸುವ ಒಂದು ಪ್ರಶ್ನೆ, ಪ್ರತಿ ಉತ್ತರವೂ ಒಂದು ಅಂಕಿ. ಆರೂ ಅಂಕಿ ಸೇರಿದರೆ ಕೊನೆಯ ಜಾಗದ ಕೋಆರ್ಡಿನೇಟ್, ಅಂದರೆ ಅಕ್ಷಾಂಶ-ರೇಖಾಂಶ, ಸಿಗುತ್ತದೆ. ಡಬ್ಬಿ ಇರುವುದು ಅಲ್ಲಿ, ಸ್ಮಾರಕಗಳಿಂದ ದೂರ, ಖಾಸಗಿ ಕಾಂಪೌಂಡಿನೊಳಗೆ, ಮಾಲೀಕರ ಲಿಖಿತ ಒಪ್ಪಿಗೆಯೊಂದಿಗೆ.

ಮೊದಲು ಊರಿನ ಚಿತ್ರ ತಲೆಯಲ್ಲಿರಲಿ. ಕೆರೆ ಎರಡು ಮರಳುಗಲ್ಲಿನ ಗುಡ್ಡಗಳ ನಡುವೆ ಇದೆ. ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹೆ. ಉತ್ತರದ ಗುಡ್ಡದ ಬುಡದಲ್ಲಿ ಮ್ಯೂಸಿಯಂ, ಅದರ ಪಕ್ಕದಿಂದ ಮೇಲೇರಿದರೆ ಕೋಟೆ, ಕೆಳಗಿನ ಶಿವಾಲಯ, ಮೇಲಿನ ಶಿವಾಲಯ. ಪಶ್ಚಿಮಕ್ಕೆ ಏರಿ, ಮೆಟ್ಟಿಲು, ಊರು. ಪೂರ್ವದ ತುದಿಯಲ್ಲಿ ನೀರಿಗೆ ಮುಖಮಂಟಪ ಚಾಚಿಕೊಂಡ ಭೂತನಾಥ ಗುಡಿ. ರೈಲಿನಲ್ಲಿ ಬರುವವರು ಗಮನಿಸಬೇಕಾದ್ದು, ಸ್ಟೇಷನ್ ಊರಿಂದ ಸುಮಾರು 5 ಕಿ.ಮೀ. ಹೊರಗಿದೆ, ಆಟೋ ಹಿಡಿಯಬೇಕು. ಮ್ಯೂಸಿಯಂಗೆ ಶುಕ್ರವಾರ ರಜೆ. ಅಲ್ಲಿನ ಲಜ್ಜಾಗೌರಿಯ ಶಿಲ್ಪ ನೋಡಬೇಕೆನ್ನುವವರು ಬೇರೆ ದಿನ ಇಟ್ಟುಕೊಳ್ಳಿ.

ಸಿದ್ಧತೆಯಲ್ಲಿ ಅತಿ ಹೆಚ್ಚು ಎಡವುವುದು ಕೋಆರ್ಡಿನೇಟ್ ಬರೆಯುವ ರೀತಿಯಲ್ಲಿ. ಜಿಯೋಕ್ಯಾಶಿಂಗ್‌ನಲ್ಲಿ ಡಿಗ್ರಿ ಮತ್ತು ದಶಮಾಂಶ ನಿಮಿಷ ಬಳಸುತ್ತಾರೆ: ಉತ್ತರ 15° 55.200′, ಪೂರ್ವ 75° 41.000′ ಎನ್ನುವ ಹಾಗೆ. ಇದು ಕೆರೆಯ ಆಸುಪಾಸು. ಫೋನಿನ ನಕ್ಷೆಗಳು ಸಾಮಾನ್ಯವಾಗಿ ತೋರಿಸುವುದು ದಶಮಾಂಶ ಡಿಗ್ರಿ: 15.9200, 75.6833. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. ಅದು ಬಿಟ್ಟು ಅಂಕಿಗಳನ್ನು ಹಾಗೇ ಸಾಲಾಗಿ 15.552, 75.410 ಅಂತ ಹೊಡೆದರೆ ನಕ್ಷೆ ನಿಮ್ಮನ್ನು ನವಲಗುಂದದ ಹತ್ತಿರದ ಎರೆಹೊಲಕ್ಕೆ ಕಳಿಸುತ್ತದೆ. ಬಾದಾಮಿಯಿಂದ ನೇರ ಗೆರೆ ಎಳೆದರೂ 50 ಕಿ.ಮೀ. ಈ ತಪ್ಪು ಹೊಸಬರಷ್ಟೇ ಮಾಡುತ್ತಾರೆ ಅಂದುಕೊಳ್ಳಬೇಡಿ.

ಬಾದಾಮಿಯ ಅಕ್ಷಾಂಶದಲ್ಲಿ ನಿಮಿಷದ ಮೂರನೇ ದಶಮಾಂಶ ಒಂದು ಹೆಚ್ಚುಕಡಿಮೆಯಾದರೆ ಉತ್ತರ-ದಕ್ಷಿಣಕ್ಕೆ 1.84 ಮೀಟರ್, ಪೂರ್ವ-ಪಶ್ಚಿಮಕ್ಕೆ 1.78 ಮೀಟರ್ ಸರಿಯುತ್ತದೆ. ಎರಡನೇ ದಶಮಾಂಶಕ್ಕೆ 18 ಮೀಟರ್, ಮೊದಲನೆಯದಕ್ಕೆ 180 ಮೀಟರ್. ಈ ಲೆಕ್ಕ ನೆನಪಿಡಿ, ಪ್ರಶ್ನೆಗಳನ್ನು ಜೋಡಿಸುವಾಗ ಬೇಕಾಗುತ್ತದೆ.

ಇನ್ನು ಜಿಪಿಎಸ್. ಬಯಲಲ್ಲಿ 3ರಿಂದ 5 ಮೀಟರ್ ನಿಖರವಾಗಿ ತೋರಿಸುವ ಫೋನು ಬಾದಾಮಿಯ ಬಂಡೆ ಬುಡದಲ್ಲಿ ಸುಳ್ಳು ಹೇಳುತ್ತದೆ. ಸುಳ್ಳು ಅನ್ನುವ ಮಾತು ಬೇಕೆಂದೇ ಬಳಸಿದ್ದೇನೆ: ಪರದೆ ಮೇಲೆ ‘4 ಮೀಟರ್’ ಅಂತಲೇ ಇರುತ್ತದೆ, ಚುಕ್ಕಿ ಮಾತ್ರ ಕೆರೆಯ ನಡುವೆ ಈಜುತ್ತಿರುತ್ತದೆ. ಕಾರಣ ಸರಳ. ಉಪಗ್ರಹದ ಸಿಗ್ನಲ್ ನೇರವಾಗಿ ಬರುವ ಬದಲು ಎದುರಿನ ಬಂಡೆಗೆ ಬಡಿದು ತಿರುಗಿ ಬರುತ್ತದೆ. ಆ ಹೆಚ್ಚುವರಿ ದೂರ ಫೋನಿಗೆ ಗೊತ್ತಾಗುವುದಿಲ್ಲ. ಗುಹೆಗಳ ಮುಂದೆ ಇನ್ನೊಂದು ಪೆಟ್ಟು. ಗುಹೆಗಳಿರುವುದು ದಕ್ಷಿಣದ ಗುಡ್ಡದ ಉತ್ತರ ಮಗ್ಗುಲಲ್ಲಿ, ಅಂದರೆ ದಕ್ಷಿಣದ ಆಕಾಶವನ್ನೆಲ್ಲ ಬಂಡೆ ನುಂಗಿರುತ್ತದೆ. ಉತ್ತರದ ಆಕಾಶವಾದರೂ ಇದೆಯಲ್ಲ ಅನ್ನಬಹುದು. ಆದರೆ ಜಿಪಿಎಸ್ ಉಪಗ್ರಹಗಳ ಕಕ್ಷೆ ಸಮಭಾಜಕಕ್ಕೆ 55 ಡಿಗ್ರಿ ಓರೆ. ಅವು ಧ್ರುವದ ಮೇಲೆ ಹಾಯುವುದೇ ಇಲ್ಲ. ನಮ್ಮ ಅಕ್ಷಾಂಶದಿಂದ ನೋಡಿದರೆ ಉತ್ತರ ದಿಕ್ಕಿನ ಕೆಳ ಆಕಾಶದಲ್ಲಿ ಒಂದು ಖಾಲಿ ಜಾಗವೇ ಉಳಿಯುತ್ತದೆ. ಭಾರತದ್ದೇ ಆದ ನಾವಿಕ್ ಸ್ಥಾನಸೂಚಕ ವ್ಯವಸ್ಥೆಯ ಭೂಸ್ಥಿರ ಉಪಗ್ರಹಗಳೂ ಸಮಭಾಜಕದ ಮೇಲೆ, ಅಂದರೆ ಬಂಡೆಯ ಕಡೆಗೇ ಇರುವುದು. ರಷ್ಯಾದ ಗ್ಲೋನಾಸ್‌ನ ಓರೆ ಸುಮಾರು 65 ಡಿಗ್ರಿ, ಅದು ಸ್ವಲ್ಪ ಕೈ ಹಿಡಿಯುತ್ತದೆ, ಅಷ್ಟೇ.

ಹಾಗಾದರೆ ತಾಣದ ಅಳತೆ ತೆಗೆಯುವುದು ಹೇಗೆ? ನಾನು ಬಂಡೆ ಬುಡದಲ್ಲಿ ಅಳೆಯುವುದನ್ನೇ ಬಿಟ್ಟಿದ್ದೇನೆ. ಅಲ್ಲಿಂದ 25-30 ಮೀಟರ್ ಬಯಲಿಗೆ ಸರಿದು, ಆಕಾಶ ತೆರೆದಿರುವ ಜಾಗದಲ್ಲಿ ಫೋನನ್ನು ಎದೆಮಟ್ಟಕ್ಕೆ ಹಿಡಿದು ಎರಡು ನಿಮಿಷ ನಿಲ್ಲುತ್ತೇನೆ, ಸರಾಸರಿ ತೆಗೆಯುತ್ತೇನೆ. ಹೀಗೆ ಮೂರು ಸಲ, ಸಲದಿಂದ ಸಲಕ್ಕೆ ಕನಿಷ್ಠ ಒಂದು ಗಂಟೆ ಅಂತರ. ಮೂರರಲ್ಲಿ ಒಂದು ದಾರಿ ತಪ್ಪಿದ್ದರೆ ಅದನ್ನು ಬಿಟ್ಟು ಉಳಿದೆರಡರ ಸರಾಸರಿ. ಮರುದಿನ ಹೋಗಿ ಮತ್ತೆ ಅಳೆಯುವವರು ಅದೇ ಹೊತ್ತಿಗೆ ಹೋಗಬಾರದು. ಜಿಪಿಎಸ್ ಉಪಗ್ರಹಗಳು ದಿನಕ್ಕೆ ಸುಮಾರು 4 ನಿಮಿಷ ಮುಂಚೆ ಅದೇ ಜಾಗಕ್ಕೆ ಬಂದು ನಿಲ್ಲುತ್ತವೆ. ನಿನ್ನೆ ಹತ್ತು ಗಂಟೆಗೆ ಬಂಡೆ ಕೊಟ್ಟ ತಪ್ಪನ್ನೇ ಇವತ್ತು ಹತ್ತು ಗಂಟೆಗೂ ಕೊಡುತ್ತದೆ, ನೀವು ಎರಡೂ ತಾಳೆಯಾಯ್ತು ಅಂತ ಖುಷಿಪಡುತ್ತೀರಿ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ತೆಗೆದರೆ ಬಣ್ಣ ಬಯಲಾಗುತ್ತದೆ. ಎರಡು ತರಂಗಾಂತರ ಹಿಡಿಯುವ ಫೋನಿದ್ದರೆ ಅದನ್ನೇ ಬಳಸಿ, ಪ್ರತಿಫಲನದ ತಪ್ಪು ಎದ್ದು ಕಾಣುವಷ್ಟು ಇಳಿಯುತ್ತದೆ.

ತಾಣದ ವಿವರಣೆಯಲ್ಲಿ ಕೋಆರ್ಡಿನೇಟ್ ಕೊಟ್ಟು ಸುಮ್ಮನಾಗಬಾರದು. ‘ಈ ಜಾಗದಲ್ಲಿ ನಿಂತು ದಕ್ಷಿಣಕ್ಕೆ ಮೂವತ್ತು ಹೆಜ್ಜೆ, ಬಲಗಡೆಯ ಗೋಡೆ’ ಎಂದು ಮಾತಿನಲ್ಲೂ ಬರೆಯಿರಿ. ದಿಕ್ಕಿಗೆ ಫೋನಿನ ಕಂಪಾಸ್ ಸಾಕು. ಇಲ್ಲಿ ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ವ್ಯತ್ಯಾಸವಿಲ್ಲ. ಆದರೆ ಅಯಸ್ಕಾಂತದ ಮುಚ್ಚಳವಿರುವ ಫೋನ್ ಕವರ್ ಕಳಚಿ. ಸೂಜಿ ಹುಚ್ಚೆದ್ದು ತಿರುಗುವುದಕ್ಕೆ ಹೆಚ್ಚಿನ ಸಲ ಅದೇ ಕಾರಣ.

ಮ್ಯೂಸಿಯಂ ಪಕ್ಕದಿಂದ ಉತ್ತರ ಕೋಟೆಗೆ ಹತ್ತುವ ದಾರಿಯಲ್ಲಿ ಬರುವ ಕಲ್ಲಿನ ಕಿರುಗಣಿವೆ ಮಾತ್ರ ಬೇರೆಯೇ ಲೋಕ. ಎರಡೂ ಬದಿ ನೆಟ್ಟಗೆ ನಿಂತ ಬಂಡೆ, ತಲೆಯ ಮೇಲೆ ಆಕಾಶದ ಸಣ್ಣ ಸೀಳು. ಅಲ್ಲಿ ಜಿಪಿಎಸ್ ತಾಣ ಇಡಬೇಡಿ. ಫೋನನ್ನು ಕೆಳಗಿನ ಬಯಲಲ್ಲೇ ಮೂರು ನಿಮಿಷ ಮುಂಚೆ ಆನ್ ಮಾಡಿಕೊಂಡರೆ ಮೇಲೆ ಶಿವಾಲಯದ ಹತ್ತಿರ ಆಕಾಶ ತೆರೆದಾಗ ಬೇಗ ಹಿಡಿಯುತ್ತದೆ. ಒಂದೊಂದು ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಪ್ರಸಾರ ಮಾಡುತ್ತದೆ, ಅದು ಕಡಿಯದೆ ಪೂರ್ತಿ ಸಿಗಬೇಕು, ಸೀಳಿನಲ್ಲಿ ಸಿಗುವುದಿಲ್ಲ.

ಈ ಕಿರುಗಣಿವೆಯನ್ನು ನಾನು ಆ ಆರು ತಾಣಗಳ ಲೆಕ್ಕಕ್ಕೆ ಸೇರದ ಭೂವಿಜ್ಞಾನದ ತಾಣವಾಗಿ ಬಳಸುತ್ತೇನೆ. ಜಿಯೋಕ್ಯಾಶಿಂಗ್‌ನಲ್ಲಿ ಅರ್ಥ್‌ಕ್ಯಾಶ್ ಅಂತ ಒಂದು ಬಗೆ ಇದೆ; ಅದಕ್ಕೆ ಡಬ್ಬಿಯೇ ಇಲ್ಲ, ನೆಲದ ಬಗ್ಗೆ ಪ್ರಶ್ನೆ ಇರುತ್ತದೆ, ಉತ್ತರವನ್ನು ಇಟ್ಟವರಿಗೆ ಕಳಿಸಬೇಕು. ಬಾದಾಮಿಗೆ ಹೇಳಿ ಮಾಡಿಸಿದ ಬಗೆ. ಇಲ್ಲಿನ ಕಲ್ಲು ಕಲಾದಗಿ ಜಲಾನಯನದ (ಬಹು ಹಿಂದೆ ಮರಳು, ಹೂಳು ತುಂಬಿಕೊಂಡ ತಗ್ಗಿನ) ಮೇಲಿನ ಪದರ, ಭೂವಿಜ್ಞಾನಿಗಳು ಇದಕ್ಕೆ ಬಾದಾಮಿ ಗುಂಪು ಅಂತಲೇ ಹೆಸರಿಟ್ಟಿದ್ದಾರೆ. ಗುಹೆಗಳಿರುವ ಮರಳುಗಲ್ಲಿನ ಹೆಸರು ‘ಕೇವ್ ಟೆಂಪಲ್ ಅರೆನೈಟ್’. ಗೋಡೆಗೆ ಒಂದು ಮೊಳ ದೂರದಲ್ಲಿ ನಿಂತು, ಬೆಳಕು ಓರೆಯಾಗಿ ಬೀಳುವಾಗ ನೋಡಿ. ದಪ್ಪನೆಯ ಅಡ್ಡ ಪದರಗಳು ಮೊದಲು ಕಾಣುತ್ತವೆ. ಒಂದೊಂದು ಪದರದ ಒಳಗೆ ಇನ್ನೂ ತೆಳ್ಳನೆಯ ಗೆರೆಗಳಿರುತ್ತವೆ, ಅವು ಅಡ್ಡವಾಗಿಲ್ಲ, ಒಂದೇ ಕಡೆಗೆ ವಾಲಿವೆ, ಮೊರದಲ್ಲಿ ಜಾರಿದ ರಾಗಿಯ ಹಾಗೆ. ಕೆಳತುದಿಯಲ್ಲಿ ಗೆರೆ ನಯವಾಗಿ ಬಾಗಿ ಮಲಗುತ್ತದೆ, ಮೇಲ್ತುದಿಯಲ್ಲಿ ಚಾಕುವಿನಿಂದ ಕೊಯ್ದಂತೆ ಥಟ್ಟನೆ ಮುಗಿಯುತ್ತದೆ. ಮರಳನ್ನು ಹೊತ್ತು ತಂದ ಹರಿವು ದಿಬ್ಬದ ಇಳಿಜಾರಿನ ಮೇಲೆ ಸುರಿದ ಗುರುತು ಅದು. ಮುಂದೆ ಬಂದ ಹರಿವು ದಿಬ್ಬದ ತಲೆ ಸವರಿಕೊಂಡು ಹೋಗಿದೆ. ಗೆರೆ ವಾಲಿದ ಕಡೆಗೆ ಹರಿವು ಹೋಗಿತ್ತು. ನನ್ನ ಪ್ರಶ್ನೆ ಎರಡು ಭಾಗದ್ದು: ಗೆರೆಗಳು ಎತ್ತ ವಾಲಿವೆ, ಕೋನ ಎಷ್ಟು. ಕೋನಕ್ಕೆ ಫೋನಿನ ಮಟ್ಟಗೋಲು ಆ್ಯಪ್ ಸಾಕು, ಫೋನನ್ನು ಗೋಡೆಗೆ ತಾಗಿಸದೆ ಕಣ್ಣಳತೆಯಲ್ಲಿ ಗೆರೆಗೆ ಸಮವಾಗಿ ಹಿಡಿಯಬೇಕು. ಐದು ಡಿಗ್ರಿ ಹೆಚ್ಚುಕಡಿಮೆ ಸರಿ ಅಂತ ಒಪ್ಪಿಕೊಳ್ಳುತ್ತೇನೆ, ಆದ್ದರಿಂದಲೇ ಈ ಉತ್ತರವನ್ನು ಕೊನೆಯ ಕೋಆರ್ಡಿನೇಟಿಗೆ ಬಳಸುವುದಿಲ್ಲ.

ಎಣಿಸುವ ಪ್ರಶ್ನೆಗಳಲ್ಲಿ ಬೇರೆ ತೊಂದರೆ. ಮೊದಲ ಗುಹೆಯ ನಟರಾಜನಿಗೆ 18 ಕೈ, ಎಲ್ಲ ಗೈಡುಗಳೂ ಹೇಳುತ್ತಾರೆ. ಹಾಗಾಗಿ ಅದು ಪ್ರಶ್ನೆಯೇ ಅಲ್ಲ, ಮನೆಯಲ್ಲಿ ಕೂತು ಹುಡುಕಬಹುದು. ‘ಎಷ್ಟು ಕೈಯಲ್ಲಿ ವಸ್ತು ಇದೆ’ ಅಂತ ಕೇಳಿದರೆ ನಾಲ್ವರು ನಾಲ್ಕು ಉತ್ತರ ಕೊಡುತ್ತಾರೆ, ಸವೆದ ಕಲ್ಲಲ್ಲಿ ಹಾವು ಯಾವುದು, ಮುದ್ರೆ ಯಾವುದು ಎನ್ನುವ ಜಗಳ ಹತ್ತುತ್ತದೆ. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇದೆ, ಶಕವರ್ಷ 500, ಅಂದರೆ ಕ್ರಿ.ಶ. 578. ಇದೂ ಪುಸ್ತಕದಲ್ಲಿ ಸಿಗುವುದೇ. ಒಳ್ಳೆಯ ಪ್ರಶ್ನೆ ಅಂದರೆ ಪುಸ್ತಕ ಬರೆಯುವವರು ಲೆಕ್ಕಿಸದ, ಆದರೆ ಎದುರು ನಿಂತರೆ ಮಗುವೂ ಎಣಿಸಬಲ್ಲ ಸಂಗತಿ: ಪಡಸಾಲೆಯ ಬುಡದಲ್ಲಿ ಮೆರವಣಿಗೆ ಹೊರಟ ಕುಬ್ಜ ಗಣಗಳಲ್ಲಿ ಇಂಥ ಮೆಟ್ಟಿಲಿನ ಎಡಕ್ಕಿರುವ ಒಂದೇ ಚೌಕಟ್ಟಿನಲ್ಲಿ ಎಷ್ಟು ಜನ ಅನ್ನುವಂಥದ್ದು. ಕಂಬ ಎಣಿಸಲು ಹೇಳುವಾಗ ‘ಗೋಡೆಗೆ ಅಂಟಿದ ಅರೆಗಂಬ ಬಿಟ್ಟು’ ಅಥವಾ ‘ಸೇರಿಸಿ’ ಎಂದು ಬರೆಯದಿದ್ದರೆ ಪ್ರತಿ ತಂಡಕ್ಕೂ ಎರಡು ಉತ್ತರ ಗ್ಯಾರಂಟಿ.

ಕೆರೆಯ ಪಕ್ಕದಲ್ಲಿ ಇನ್ನೊಂದು ಬಲೆ ನೀರಿನದು. ಭೂತನಾಥದ ಮುಂದಿನ ಮೆಟ್ಟಿಲು, ಏರಿಯ ಕಡೆಯ ಮೆಟ್ಟಿಲು ಯಾವುದನ್ನೂ ಎಣಿಸಲು ಕೊಡಬೇಡಿ. ಬೇಸಿಗೆಯಲ್ಲಿ ಕಾಣುವ ಸಂಖ್ಯೆ ಬೇರೆ, ಅಕ್ಕ-ತಂಗಿ ಜಲಪಾತ ಧುಮುಕುವ ಮಳೆಗಾಲದಲ್ಲಿ ಬೇರೆ. ನಾಮಫಲಕದ ಮೇಲಿನ ಅಂಕಿಯೂ ಬೇಡ. ಫಲಕ ಬದಲಾಗುತ್ತದೆ, ಬಣ್ಣ ಹೊಡೆಯುತ್ತಾರೆ, ಒಮ್ಮೊಮ್ಮೆ ಕನ್ನಡದ ಬದಿಯಲ್ಲಿ ಒಂದು ಇಸವಿ, ಇಂಗ್ಲಿಷ್ ಬದಿಯಲ್ಲಿ ಇನ್ನೊಂದು ಇಸವಿ ಇರುತ್ತದೆ. ಭೂತನಾಥದಲ್ಲಿ ನಾನು ಕೇಳುವುದು ಶಿಖರಗಳನ್ನು: ಅಲ್ಲೇ ಹತ್ತಿರ ಉತ್ತರಕ್ಕಿರುವ ಮಲ್ಲಿಕಾರ್ಜುನ ಗುಂಪಿನ ಗುಡಿಗೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಅಡ್ಡಪಟ್ಟಿಯ ಶಿಖರ ಇದೆ, ಅದರ ಪಟ್ಟಿ ಎಣಿಸಿ ಅಂತ. ಭೂತನಾಥದ ಒಳಭಾಗ ಬಾದಾಮಿ ಚಾಲುಕ್ಯರ ಕಾಲದ್ದು, ಮಲ್ಲಿಕಾರ್ಜುನ ಗುಂಪು 11ನೇ ಶತಮಾನದ್ದು. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಆ ನಾಲ್ಕು ನೂರು ವರ್ಷದ ಅಂತರ ಕಣ್ಣಿಗೇ ಸಿಗುತ್ತದೆ, ಪ್ರಶ್ನೆ ಒಂದು ನೆಪ.

ಈಶಾನ್ಯಕ್ಕೆ ತಟ್ಟುಕೋಟಿ ಕಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು ಕ್ರಿ.ಶ. 700ರದ್ದು. ‘ಸಾಧುಗೆ ಸಾಧು’ ಎಂದು ಶಾಲೆಯಲ್ಲಿ ಓದಿದ್ದು ಇದನ್ನೇ. ಕನ್ನಡದ ಅತಿ ಹಳೆಯ ತ್ರಿಪದಿಗಳು ಇಲ್ಲಿವೆ. ಕನ್ನಡ ಓದುವವರ ತಂಡವಾದರೆ ಈ ತಾಣ ಬಿಡಬೇಡಿ. ಸಾಲುಗಳನ್ನು ಕೆಳಗಿನಿಂದಲೇ, ಚಿಕ್ಕ ಬೈನಾಕ್ಯುಲರ್ ಇದ್ದರೆ ಅದರಲ್ಲಿ ಎಣಿಸಬಹುದು. ಅಕ್ಷರ ಎದ್ದು ಕಾಣಲಿ ಎಂದು ನೀರು ಎರಚುವುದು, ಸೀಮೆಸುಣ್ಣ ತೀಡುವುದು, ಕಾಗದ ಇಟ್ಟು ಉಜ್ಜುವುದು ಯಾವುದೂ ಕೂಡದು. ಬಿಸಿಲು ಓರೆಯಾಗುವವರೆಗೆ ಕಾಯಿರಿ, ಅಷ್ಟೇ ಮದ್ದು.

ಈಗ ಅಂಕಿಗಳ ಜೋಡಣೆ. ಕೊನೆಯ ತಾಣದ ಕೋಆರ್ಡಿನೇಟನ್ನು ಉತ್ತರ 15° 55.ಅಆಇ, ಪೂರ್ವ 75° 41.ಉಊಎ ಅಂತ ಬರೆದುಕೊಳ್ಳಿ. ಆರು ಉತ್ತರ ಆರು ಅಕ್ಷರಗಳಿಗೆ. ಯಾರೂ ತಪ್ಪಲಾರದ ಉತ್ತರ ‘ಅ’ ಮತ್ತು ‘ಉ’ಗೆ ಹೋಗಬೇಕು, ಏಕೆಂದರೆ ಅಲ್ಲಿ ಒಂದು ತಪ್ಪಿದರೆ 180 ಮೀಟರ್ ಆಚೆ ಯಾರದೋ ಹಿತ್ತಲಲ್ಲಿ ನಿಲ್ಲುತ್ತಾರೆ. ಜಗಳ ಬರಬಹುದಾದ ಎಣಿಕೆ ‘ಇ’ ಮತ್ತು ‘ಎ’ಗೆ, ಅಲ್ಲಿ ಒಂದು ತಪ್ಪಿದರೂ ಎರಡೇ ಹೆಜ್ಜೆ, ಡಬ್ಬಿ ಸಿಕ್ಕೇ ಸಿಗುತ್ತದೆ. ಉತ್ತರ ಎರಡಂಕಿ ಬಂದರೆ ಬಿಡಿಸ್ಥಾನದ ಅಂಕಿ ಮಾತ್ರ ತೆಗೆದುಕೊಳ್ಳಿ ಎಂದು ಮೊದಲೇ ತಿಳಿಸಿ. ಜೊತೆಗೆ ತಾಳೆ ನೋಡಲು ‘ಅ+ಆ+ಇ ಇಷ್ಟು, ಉ+ಊ+ಎ ಇಷ್ಟು’ ಎಂದು ಎರಡು ಮೊತ್ತ ಬೇರೆಬೇರೆಯಾಗಿ ಕೊಡಿ. ಆರನ್ನೂ ಒಟ್ಟು ಕೂಡಿದ ಒಂದೇ ಮೊತ್ತ ಕೊಟ್ಟರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆಯಾಗಿ ತಪ್ಪು ಮುಚ್ಚಿಹೋಗುವ ಸಾಧ್ಯತೆ ಜಾಸ್ತಿ. ಅಕ್ಷರಗಳು ಅದಲುಬದಲಾದರೆ ಮೊತ್ತ ಅದನ್ನು ಹಿಡಿಯುವುದಿಲ್ಲ, ಹಾಗಾಗಿ ಕಾಗದದಲ್ಲಿ ಪ್ರತಿ ಪ್ರಶ್ನೆಯ ಎದುರೇ ಅದರ ಅಕ್ಷರವಿರುವ ಚೌಕ ಮುದ್ರಿಸಿ.

ಡಬ್ಬಿ ಅರ್ಧ ಲೀಟರಿನದು, ನಾಲ್ಕೂ ಬದಿ ಲಾಕ್ ಆಗುವ ಪಾರದರ್ಶಕ ಪ್ಲಾಸ್ಟಿಕ್. ಸ್ಟೀಲ್ ಡಬ್ಬಿ ಚೆಂದ ಕಾಣುತ್ತದೆ, ಆದರೆ ಮುಚ್ಚಳದಲ್ಲಿ ರಬ್ಬರ್ ಇಲ್ಲ, ಮಳೆಗಾಲದಲ್ಲಿ ಒಳಗೆ ಬೆವರುತ್ತದೆ. ಮೇಲಾಗಿ ಒಳಗೇನಿದೆ ಕಾಣದ ಲೋಹದ ಡಬ್ಬಿ ಯಾರಿಗೂ ಧೈರ್ಯ ಕೊಡುವುದಿಲ್ಲ. ಕಪ್ಪು ಟೇಪ್ ಸುತ್ತಬೇಡಿ. ‘ಇದು ಆಟದ ಡಬ್ಬಿ, ಅಪಾಯವಿಲ್ಲ, ದಯವಿಟ್ಟು ಇಲ್ಲೇ ಇಡಿ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿ ಹೊರಮುಖವಾಗಿ ಕಾಣುವಂತಿರಲಿ. ಒಳಗೆ ಜಿಪ್ ಕವರಿನಲ್ಲಿ ಹೆಸರು ಬರೆಯುವ ಪುಸ್ತಕ, ಒಂದು ಪೆನ್ಸಿಲ್, ಎರಡು ಸಿಲಿಕಾ ಪೊಟ್ಟಣ. ಪೆನ್ನು ಬೇಡ, ಏಪ್ರಿಲ್ ಬಿಸಿಲಿಗೆ ಶಾಯಿ ಒಣಗುತ್ತದೆ ಇಲ್ಲವೇ ಸೋರುತ್ತದೆ. ಚಾಕೊಲೇಟ್, ಬಿಸ್ಕತ್ತು ಅಂತೂ ಬೇಡವೇ ಬೇಡ. ಇರುವೆ, ಆಮೇಲೆ ಇಲಿ, ಆಮೇಲೆ ಮಂಗ. ಜಿಯೋಕ್ಯಾಶಿಂಗ್ ಜಾಲತಾಣದಲ್ಲಿ ಅಧಿಕೃತವಾಗಿ ಪ್ರಕಟಿಸುವುದಾದರೆ ಇನ್ನೊಂದು ಭೌತಿಕ ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರ ಇರಬೇಕು. ಅಂದಹಾಗೆ, 2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್‌ನ ನಾಗರಿಕ ಸಿಗ್ನಲ್ಲಿಗೆ ಬೇಕೆಂದೇ ಸೇರಿಸಿದ್ದ ತಪ್ಪನ್ನು ತೆಗೆದುಹಾಕಿದ ಕೂಡಲೇ ಆರೆಗನ್‌ನಲ್ಲಿ ಡೇವ್ ಉಲ್ಮರ್ ಇಟ್ಟ ಮೊಟ್ಟಮೊದಲ ಡಬ್ಬಿ ಅರ್ಧ ನೆಲದಲ್ಲಿ ಹೂತ ಬಕೆಟ್ ಆಗಿತ್ತು. ಇವತ್ತಿನ ನಿಯಮದಲ್ಲಿ ಜಾಗದವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಅದು ಪಾಸಾಗುತ್ತಿರಲಿಲ್ಲ.

ಆಟದ ದಿನ ಮೂರು ಜನಕ್ಕೊಂದು ತಂಡ: ಒಬ್ಬರು ದಾರಿ ನೋಡಲು, ಒಬ್ಬರು ಎಣಿಸಲು, ಒಬ್ಬರು ಬರೆಯಲು. ನಾಲ್ಕನೆಯವರು ಬಂದರೆ ಹರಟೆ ಶುರುವಾಗುತ್ತದೆ. ಗುಹೆಗಳ ಗೇಟ್ ತೆರೆದ ಕೂಡಲೇ ಅಲ್ಲಿಂದ ಶುರು ಮಾಡಿ. ಡಿಸೆಂಬರ್-ಜನವರಿಯಲ್ಲಿ ಶಾಲೆಗಳ ಪ್ರವಾಸದ ಬಸ್ಸುಗಳು ಬರುತ್ತವೆ, ಇನ್ನೂರು ಮಕ್ಕಳ ನಡುವೆ ಕಂಬ ಎಣಿಸಲಾಗದು. ಆಮೇಲೆ ಏರಿಯ ಕಡೆಯಿಂದ ಊರೊಳಗೆ ಹಾದು ಮ್ಯೂಸಿಯಂ, ಬಿಸಿಲೇರುವ ಮೊದಲು ಉತ್ತರ ಕೋಟೆ, ಊಟ, ಮೂರೂವರೆಯ ನಂತರ ದಡದ ದಾರಿಯಲ್ಲಿ ಭೂತನಾಥ. ಸಂಜೆಬಿಸಿಲು ಗುಡಿಯ ಮೇಲೆ ಬೀಳುವ ಹೊತ್ತಿಗೆ ಅಲ್ಲಿರುವುದು ಲೆಕ್ಕಾಚಾರ. ತಲೆಗೆ ಒಂದೂವರೆ ಲೀಟರ್ ನೀರು, ಒಂದು ತಂಡಕ್ಕೆ 10,000 ಎಂಎಎಚ್‌ನ ಪವರ್ ಬ್ಯಾಂಕ್. ನಕ್ಷೆ ಮೊದಲೇ ಇಳಿಸಿಕೊಂಡಿರಲಿ, ತಾಣಗಳ ಕೋಆರ್ಡಿನೇಟ್ ತುಂಬಿದ ಜಿಪಿಎಕ್ಸ್ ಫೈಲ್ ಎಲ್ಲರ ಫೋನಿಗೂ ಹೋಗಿರಲಿ, ಕಾಗದದ ಪ್ರತಿ ಒಂದು ಜೇಬಲ್ಲಿರಲಿ.

ತರಬಾರದ್ದೂ ಇದೆ. ವಿದೇಶದಿಂದ ಬರುವ ಗೆಳೆಯರಿಗೆ ಮುಖ್ಯವಾಗಿ ಹೇಳಿ: ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಪರವಾನಗಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಡ್ರೋನ್ ಬೇಡ, ಟ್ರೈಪಾಡ್‌ಗೂ ಇಲಾಖೆಯ ಅನುಮತಿ ಬೇಕು. ಪ್ಲಾಸ್ಟಿಕ್ ಕವರ್ ಹಿಡಿದು ಗುಹೆಗಳ ಮೆಟ್ಟಿಲು ಹತ್ತಬೇಡಿ. ಅದರ ಸದ್ದಿಗೇ ಮಂಗಗಳು ಬರುತ್ತವೆ. ಫೋನನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡರೆ ಎರಡೂ ಕೈ ಖಾಲಿ, ಕಿತ್ತುಕೊಳ್ಳಲೂ ಕಷ್ಟ.

ಕೆರೆಯ ಮೆಟ್ಟಿಲ ಮೇಲೆ ಊರ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಅಲ್ಲಿ ಫೋನ್ ಎತ್ತಿ ಹಿಡಿದು ಸುತ್ತ ತಿರುಗುವ ತಂಡ ಕಂಡರೆ ಅನುಮಾನ ಸಹಜ. ಆ ಭಾಗದಲ್ಲಿ ನಾನು ತಾಣ ಇಟ್ಟೇ ಇಲ್ಲ. ಕಾವಲುಗಾರರು ‘ಏನ್ ಹುಡುಕಾಕತ್ತೀರಿ?’ ಎಂದರೆ ಕಾಗದ ತೋರಿಸಿ ‘ಕಂಬ ಎಣಸಾಕತ್ತೇವ್ರೀ ಅಣ್ಣಾರ’ ಅನ್ನಿ. ನಿಧಿ ಅನ್ನುವ ಪದ ಬಾಯಿಗೆ ಬರಬಾರದು, ತಮಾಷೆಗೂ ಕೂಡ. ಹಳೆಯ ಗುಡಿಗಳಲ್ಲಿ ನಿಧಿ ಆಸೆಗೆ ಅಗೆದು ಹಾಳು ಮಾಡಿದ ಉದಾಹರಣೆ ನಾಡಿನ ತುಂಬ ಇವೆ, ಆ ಪದಕ್ಕೆ ಅಲ್ಲಿ ಬೇರೆಯೇ ಅರ್ಥ.

ಡಬ್ಬಿಯನ್ನು ವರ್ಷಕ್ಕೆರಡು ಸಲ ತೆರೆದು ನೋಡಬೇಕು: ಮುಂಗಾರಿಗೆ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ. ಸಿಲಿಕಾ ಬದಲಿಸಿ, ಮುಚ್ಚಳದ ರಬ್ಬರ್ ಬಿಸಿಲಿಗೆ ಬಿರುಕು ಬಿಟ್ಟಿದ್ದರೆ ಡಬ್ಬಿಯನ್ನೇ ಬದಲಿಸಿ. ಅದೇ ಭೇಟಿಯಲ್ಲಿ ಆರೂ ಪ್ರಶ್ನೆಗಳನ್ನು ಹೊಸದಾಗಿ ಎಣಿಸಿ ಬನ್ನಿ. ದುರಸ್ತಿಗೆಂದು ಅಟ್ಟಣಿಗೆ ಕಟ್ಟಿದ್ದರೆ, ಬೇಲಿ ಹಾಕಿ ದಾರಿ ಮುಚ್ಚಿದ್ದರೆ ಆ ತಾಣಕ್ಕೆ ಬದಲಿ ಪ್ರಶ್ನೆ ಬೇಕು. ಅದಕ್ಕೆಂದೇ ಏಳನೆಯ ಪ್ರಶ್ನೆಯೊಂದನ್ನು, ಅದೇ ಅಂಕಿ ಬರುವಂತೆ ಹೊಂದಿಸಿ, ಯಾವಾಗಲೂ ಕೈಯಲ್ಲಿಟ್ಟುಕೊಂಡಿರುತ್ತೇನೆ.